ರೂಪಾಯಿ ಬಿದ್ದರೆ ಐಟಿ ಏರಬೇಕಿತ್ತಲ್ವಾ? ಒಂದು ಪೇಟೆ ನೋಡಿ ಇನ್ನೊಂದರಲ್ಲಿ ದುಡ್ಡು ಹಾಕುವವರು ಬನ್ನಿ

ಸಿಲ್ಕ್‌ಬೋರ್ಡ್_ಸಿಗ್ನಲ್ · ಭಾನುವಾರ, ಬೆಳಗ್ಗೆ 10:05

ಮೊದಲೇ ಹೇಳಿಬಿಡುತ್ತೇನೆ, ಇದು ಕೈ ಸುಟ್ಟುಕೊಂಡವನ ಪ್ರಶ್ನೆ.

2022ರ ಶುರುವಿನಲ್ಲಿ ಸ್ನೇಹಿತನೊಬ್ಬ ಒಂದು ಸೂತ್ರ ಹೇಳಿಕೊಟ್ಟ. ನಮ್ಮ ಐಟಿ ಕಂಪನಿಗಳು ಡಾಲರ್‌ನಲ್ಲಿ ಬಿಲ್ ಹಾಕುತ್ತವೆ, ಸಂಬಳವನ್ನು ಜಾಸ್ತಿ ರೂಪಾಯಿಯಲ್ಲೇ ಕೊಡುತ್ತವೆ. ರೂಪಾಯಿ ಬಿದ್ದಷ್ಟೂ ಅವರಿಗೆ ಲಾಭ. ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಾನೇ ಐಟಿಯಲ್ಲಿ ಕೆಲಸ ಮಾಡುವವನು, ತಕ್ಷಣ ನಂಬಿದೆ.

ಆಗ ಡಾಲರ್‌ಗೆ 74 ರೂಪಾಯಿ ಚಿಲ್ಲರೆ. ರೂಪಾಯಿ ಒಂದೊಂದು ಮೆಟ್ಟಿಲು ಇಳಿದಾಗಲೂ ನಾನು ಒಂದೊಂದು ಕಂತು ಐಟಿ ಷೇರು ಕೊಂಡೆ. 76ಕ್ಕೆ ಒಂದು, 78ಕ್ಕೆ ಒಂದು, 80ಕ್ಕೆ ಸ್ವಲ್ಪ ಜಾಸ್ತಿ. ಅಕ್ಟೋಬರ್‌ನಲ್ಲಿ 83 ಮುಟ್ಟಿತು. ರೂಪಾಯಿ ಬಗ್ಗೆ ನನ್ನ ಅಂದಾಜು ನೂರಕ್ಕೆ ನೂರು ಸರಿ. ಆದರೆ ಆ ವರ್ಷ ನಿಫ್ಟಿ ಐಟಿ ಸೂಚ್ಯಂಕ ಸುಮಾರು ಶೇ 26 ಬಿತ್ತು. ದೇಶದ 50 ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ 50 ಸುಮಾರು ಶೇ 4 ಏರಿತ್ತು. ಕಣ್ಣು ಮುಚ್ಚಿ ಇಡೀ ನಿಫ್ಟಿ ಕೊಂಡಿದ್ದರೂ ಚೆನ್ನಾಗಿರುತ್ತಿದ್ದೆ.

ಹಾಗಾಗಿ ಕೇಳುತ್ತಿದ್ದೇನೆ. ತೈಲ ಏರಿದರೆ ಪೇಂಟ್ ಷೇರು ಮಾರು, ಅಮೆರಿಕದ ಬಾಂಡ್ ಬಡ್ಡಿ ಏರಿದರೆ ಚಿನ್ನ ಮಾರು, ಅಮೆರಿಕದ ಟೆಕ್ ಷೇರುಗಳ ಸೂಚ್ಯಂಕ ನಾಸ್ಡಾಕ್ ಬಿದ್ದರೆ ಐಟಿ ಮಾರು. ಇಂಥ ಸೂತ್ರಗಳಿಂದ ಯಾರಿಗಾದರೂ ನಿಜವಾಗಿ ದುಡ್ಡು ಬಂದಿದೆಯಾ? ಹಸಿರು ಸ್ಕ್ರೀನ್‌ಶಾಟ್ ಬೇಡ. ಹೇಗೆ ಬಂತು, ಹೇಗೆ ಹೋಯಿತು, ಅದನ್ನು ಹೇಳಿ.

ಒಂಬತ್ತು_ಹದಿನೈದು · 10:22

ಗುರು, ಒಂದು ಸೂತ್ರ ಕೈಕೊಟ್ಟಿತು ಅಂತ ಎಲ್ಲವೂ ಸುಳ್ಳು ಅನ್ನಬೇಡಿ. ನಾನು ಬೆಳಗ್ಗೆ ಆರೂವರೆಗೆ ಹಲ್ಲುಜ್ಜುತ್ತಲೇ ಗಿಫ್ಟ್ ನಿಫ್ಟಿ, ಅಂದರೆ ನಿಫ್ಟಿಯ ವಾಯಿದೆ ದರ, ನೋಡುವವನು. ಮೊದಲು ಸಿಂಗಾಪುರದಲ್ಲಿ ಎಸ್‌ಜಿಎಕ್ಸ್ ನಿಫ್ಟಿ ಅಂತ ಇತ್ತಲ್ಲ, 2023ರ ಜುಲೈ 3ಕ್ಕೆ ಗುಜರಾತಿನ ಗಿಫ್ಟ್ ಸಿಟಿಗೆ ಬಂತಲ್ಲ, ಅದೇ. ರಾತ್ರಿ ಅಮೆರಿಕ ಜೋರಾಗಿ ಏರಿದ್ದರೆ ಅದೂ ಏರಿರುತ್ತದೆ. ಅದು ಏರಿದ್ದರೆ ನಮ್ಮ ನಿಫ್ಟಿ ಮೇಲೆ ತೆರೆಯುತ್ತದೆ. ಬಹುಪಾಲು ದಿನ ಇದೇ ಕಥೆ. ಇದು ಸಂಬಂಧ ಅಲ್ಲದೆ ಇನ್ನೇನು?

ಲೆಕ್ಕದ_ಮೇಷ್ಟ್ರು · 10:41

ಸಂಬಂಧವೇ, ಯಾರು ಇಲ್ಲ ಅಂದರು? ಆದರೆ ಅದರ ದುಡ್ಡು ಯಾರಿಗೆ ಹೋಯಿತು ನೋಡಿ. ನಿನ್ನೆ ಮಧ್ಯಾಹ್ನ ಮೂರೂವರೆಗೆ ಕೊಂಡು ಇಟ್ಟುಕೊಂಡವರಿಗೆ. ನಿನ್ನೆ ಮೂರೂವರೆಗೆ ನ್ಯೂಯಾರ್ಕ್ ಇನ್ನೂ ಬಾಗಿಲೇ ತೆಗೆದಿರಲಿಲ್ಲ. ಅದು ಮುಚ್ಚಿದ್ದು ನಮ್ಮ ಲೆಕ್ಕದಲ್ಲಿ ರಾತ್ರಿ ಒಂದೂವರೆಗೋ ಎರಡೂವರೆಗೋ. ನೀವು ಹಲ್ಲುಜ್ಜುವ ಹೊತ್ತಿಗೆ ಆ ಸುದ್ದಿ ಗಿಫ್ಟ್ ನಿಫ್ಟಿಯ ದರದಲ್ಲಿ ಕೂತಾಗಿರುತ್ತದೆ. ಒಂಬತ್ತೂಕಾಲಿಗೆ ನಿಫ್ಟಿ ಆ ದರಕ್ಕೇ ತೆರೆಯುತ್ತದೆ. ನೀವು ಕೊಳ್ಳುವುದು ಏರಿದ ಮೇಲೆ.

ಒಂದು ಕೆಲಸ ಮಾಡಿ. ಎರಡು ವರ್ಷದ ದಿನದಿನದ ದರ ಎಕ್ಸೆಲ್‌ಗೆ ಹಾಕಿ. ಒಂದು ಕಾಲಂನಲ್ಲಿ ಹಿಂದಿನ ರಾತ್ರಿ ಅಮೆರಿಕ ಎಷ್ಟು ಏರಿತು, ಇಳಿಯಿತು. ಇನ್ನೊಂದರಲ್ಲಿ ನಿಫ್ಟಿ ತೆರೆದ ದರದಿಂದ ಮುಚ್ಚಿದ ದರಕ್ಕೆ ಎಷ್ಟು ನಡೆಯಿತು. ಎರಡಕ್ಕೂ ನಂಟು ನೋಡಿ. ನಾನು ನೋಡಿದಾಗ ಸೊನ್ನೆಯ ಅಕ್ಕಪಕ್ಕದಲ್ಲೇ ತಿರುಗುತ್ತಿತ್ತು. ಅದೇ, ಹಿಂದಿನ ದಿನ ಮುಚ್ಚಿದ ದರದಿಂದ ಲೆಕ್ಕ ಹಾಕಿದರೆ ನಂಟು ಚೆನ್ನಾಗಿ ಕಾಣಿಸುತ್ತದೆ. ಯೂಟ್ಯೂಬ್‌ನಲ್ಲಿ ತೋರಿಸುವುದು ಯಾವಾಗಲೂ ಈ ಎರಡನೆಯದನ್ನೇ.

ಇನ್ನೊಂದು ಮೋಸ ಇದೆ. ಎರಡು ಗ್ರಾಫ್ ಒಂದರ ಮೇಲೊಂದು ಇಟ್ಟು "ನೋಡಿ, ಜೊತೆಗೇ ಹೋಗುತ್ತಿವೆ" ಅನ್ನುವುದು. ನಮ್ಮ ಮನೆ ಅಡುಗೆಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಮಗನ ಎತ್ತರವನ್ನು ವರ್ಷವರ್ಷ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇವೆ. ಆ ಗುರುತುಗಳನ್ನೂ ಚಿನ್ನದ ದರವನ್ನೂ ಪಕ್ಕಪಕ್ಕ ಇಟ್ಟರೆ ಅದ್ಭುತವಾಗಿ ಹೊಂದುತ್ತವೆ. ಎರಡೂ ಏರುತ್ತಲೇ ಬಂದಿವೆ, ಅಷ್ಟೇ. ದರವನ್ನು ದರದ ಜೊತೆ ಹೋಲಿಸಬೇಡಿ. ದಿನದ ಏರಿಳಿತವನ್ನು ಏರಿಳಿತದ ಜೊತೆ ಹೋಲಿಸಿ. ಅರ್ಧಕ್ಕರ್ಧ ನೆಂಟಸ್ತಿಕೆ ಅಲ್ಲೇ ಮುರಿದುಬೀಳುತ್ತದೆ.

ಒಂಬತ್ತು_ಹದಿನೈದು · 10:50

ಮೇಷ್ಟ್ರೇ, ಭಾನುವಾರ ಬೆಳಗ್ಗೆಯೇ ಶುರು ಮಾಡಿದಿರಾ. ಮಗ ಈಗ ಎಷ್ಟು ಎತ್ತರ?

ಲೆಕ್ಕದ_ಮೇಷ್ಟ್ರು · 10:52

ನನಗಿಂತ ಜಾಸ್ತಿ. ಚಿನ್ನದ ಹಾಗೆ.

ಹೊಸಬಳು_22 · 11:15

ನಮಸ್ಕಾರ. ನಾನು ಇನ್ನೂ ಕಲಿಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ನಮ್ಮ ಸರಕು ವಾಯಿದೆ ಪೇಟೆ ಎಂಸಿಎಕ್ಸ್‌ನಲ್ಲಿ ಚಿನ್ನ ಅಮೆರಿಕದ ಚಿನ್ನದ ಹಿಂದೆಯೇ ಓಡುತ್ತದಲ್ಲ, ನಿಮಿಷನಿಮಿಷಕ್ಕೂ? ಅದೂ ಬಾಗಿಲ ಚೌಕಟ್ಟಿನ ಗುರುತಿನ ಥರವೇನಾ ಸರ್?

ತೂಕದಕಲ್ಲು · 11:48

ಮೇಡಂ, ಅದು ಬೇರೆ ಜಾತಿ. ಹುಬ್ಬಳ್ಳಿಯಲ್ಲಿ ನಮ್ಮದು ಚಿಕ್ಕ ಬಂಗಾರದ ಅಂಗಡಿ, ಹಾಗಾಗಿ ಈ ಲೆಕ್ಕ ದಿನಾ ಬೆಳಗ್ಗೆ ಮಾಡಲೇಬೇಕು.

ಹೊರದೇಶದಲ್ಲಿ ಬಂಗಾರದ ದರ ಹೇಳುವುದು ಔನ್ಸ್‌ಗೆ ಇಷ್ಟು ಡಾಲರ್ ಅಂತ. ಒಂದು ಔನ್ಸ್ ಅಂದರೆ 31.1 ಗ್ರಾಂ. ಅದನ್ನು ರೂಪಾಯಿಗೆ ತಿರುಗಿಸಿ, 31.1ರಿಂದ ಭಾಗಿಸಿ, 10ರಿಂದ ಗುಣಿಸಿದರೆ 10 ಗ್ರಾಂ ದರ. ಅದರ ಮೇಲೆ ಆಮದು ಸುಂಕ. ನಮ್ಮ ದೇಶದಲ್ಲಿ ಬಂಗಾರ ಬೆಳೆಯುವುದಿಲ್ಲವಲ್ಲ, ಬಹುಪಾಲು ಹೊರಗಿಂದಲೇ ಬರಬೇಕು. ಹಾಗಾಗಿ ಇದು ಗುಣಾಕಾರ ಭಾಗಾಕಾರದ ನಂಟು. ಸುಮ್ನೆ ಜೊತೆಗೆ ನಡೆಯುವುದಲ್ಲ.

ಈ ನಂಟು ಕೂಡ ಒಂದು ದಿನ ಕೈಕೊಟ್ಟಿತು. 2024ರ ಜುಲೈ 23, ಬಜೆಟ್ ದಿನ. ಔನ್ಸ್ ದರ ಸುಮಾರು 2,400 ಡಾಲರ್, ಡಾಲರ್ ಸುಮಾರು 83.70 ರೂಪಾಯಿ. ಲೆಕ್ಕ ಹಾಕಿ, 10 ಗ್ರಾಂಗೆ ಸುಮಾರು 64,600 ಬರುತ್ತದೆ. ಬೆಳಗ್ಗೆ ಸುಂಕ ಶೇ 15 ಇತ್ತು. ಸೇರಿಸಿದರೆ 74,300ರ ಸುತ್ತ. ಮಧ್ಯಾಹ್ನದ ಹೊತ್ತಿಗೆ ಸುಂಕ ಶೇ 6 ಅಂತ ಘೋಷಣೆ ಆಯಿತು. ಈಗ 68,500ರ ಸುತ್ತ. ಸುಂಕ ಇಳಿಯಬಹುದು ಅಂತ ಪೇಟೆ ಮೊದಲೇ ಅನುಮಾನಪಟ್ಟು ಸ್ವಲ್ಪ ಕೆಳಗೇ ನಡೆಯುತ್ತಿತ್ತು, ಹಾಗಾಗಿ ಅಷ್ಟೂ ಒಂದೇ ಏಟಿಗೆ ಬೀಳಲಿಲ್ಲ. ಆದರೂ ಎಂಸಿಎಕ್ಸ್‌ನಲ್ಲಿ ಶೇ 5ರಷ್ಟು ಹೋಯಿತು. ಅತ್ತ ಅಮೆರಿಕದಲ್ಲಿ ಬಂಗಾರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ನನ್ನ ತಿಜೋರಿಯಲ್ಲಿದ್ದ ಮಾಲು ಹಳೇ ಸುಂಕ ಕಟ್ಟಿ ತಂದದ್ದು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆಯಿಂದ ಗಿರಾಕಿಗಳ ಸಾಲು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹೊಸಬಳು_22 · 11:59

ಅಂದರೆ ನ್ಯೂಯಾರ್ಕ್ ಮಾತ್ರ ನೋಡಿದರೆ ಸಾಲದು, ದೆಹಲಿಯನ್ನೂ ನೋಡಬೇಕು. ಸುಂಕದ ಕಾಲಂ ಯಾವ ವಿಡಿಯೋದಲ್ಲೂ ತೋರಿಸಿರಲಿಲ್ಲ ಸರ್, ಥ್ಯಾಂಕ್ಸ್.

ಬ್ಯಾರಲ್_ಬಿದ್ದವ · ಮಧ್ಯಾಹ್ನ 12:30

ಗುಣಾಕಾರದ ನಂಟಿನ ಬಗ್ಗೆ ನನ್ನ ಹತ್ತಿರವೂ ಒಂದು ಕಥೆ ಇದೆ. ಹೆಸರು ನೋಡಿದರೆ ಗೊತ್ತಾಗುತ್ತದೆ. ಊರು ಮಂಗಳೂರು.

2020ರ ಏಪ್ರಿಲ್ 20. ಲಾಕ್‌ಡೌನ್. ಎಂಸಿಎಕ್ಸ್ ಸಂಜೆ 5 ಗಂಟೆಗೇ ಮುಚ್ಚುತ್ತಿದ್ದ ದಿನಗಳು. ಏಪ್ರಿಲ್ ತಿಂಗಳ ಕಚ್ಚಾ ತೈಲದ ವಾಯಿದೆ ಕರಾರಿಗೆ ಅವತ್ತೇ ಕೊನೇ ದಿನ. ದರ 1,000 ರೂಪಾಯಿಗೆ ಇಳಿದಿತ್ತು. "ಬ್ಯಾರಲ್‌ಗೆ ಸಾವಿರ ರೂಪಾಯಿ ಮಾರಾಯ್ರೆ, ಇನ್ನೆಲ್ಲಿಗೆ ಹೋಗುತ್ತದೆ, ಸೊನ್ನೆಗಿಂತ ಕೆಳಗೆ ಹೋಗಲಿಕ್ಕಿಲ್ಲವಲ್ಲ" ಅಂತ ಒಂದು ಲಾಟ್ ಕೊಂಡೆ. ಒಂದು ಲಾಟ್ ಅಂದರೆ 100 ಬ್ಯಾರಲ್. ಅತಿ ಹೆಚ್ಚು ಅಂದರೆ ಒಂದು ಲಕ್ಷ ಹೋದೀತು ಅಂತ ನನ್ನ ಲೆಕ್ಕ. ಸಂಜೆ ಗಂಜಿ, ಚಟ್ನಿ ಊಟ ಮಾಡಿ ಆರಾಮಾಗಿ ಮಲಗಿದೆ.

ನಮ್ಮ ಅಂಗಡಿ ಬಾಗಿಲು ಹಾಕಿತ್ತು, ನ್ಯೂಯಾರ್ಕ್‌ನದ್ದು ತೆರೆದಿತ್ತು. ನಮ್ಮ ಏಪ್ರಿಲ್ ಕರಾರಿಗೆ ಜೋಡಿಯಾದ ಅಲ್ಲಿಯ ಮೇ ತಿಂಗಳ ಕರಾರಿನಲ್ಲಿ ತೈಲ ಇಟ್ಟುಕೊಳ್ಳಲಿಕ್ಕೆ ಜಾಗವೇ ಇಲ್ಲ ಅಂತ ಜನ ದುಡ್ಡು ಕೊಟ್ಟು ಸಾಗಹಾಕಿದರು. ಮುಗಿದದ್ದು ಮೈನಸ್ 37.63 ಡಾಲರ್‌ಗೆ. ನಮ್ಮ ಕರಾರಿನ ನಿಯಮದ ಪ್ರಕಾರ ಕೊನೇ ದರ ಅದನ್ನೇ ರೂಪಾಯಿಗೆ ತಿರುಗಿಸಿದ್ದು. ಮೈನಸ್ 2,884 ರೂಪಾಯಿ. ನನ್ನ ಒಂದು ಲಾಟ್‌ಗೆ 3,88,400 ಹೋಯಿತು.

ಯಾರನ್ನೂ ದೂರುತ್ತಿಲ್ಲ. ನಿಯಮ ಬರೆದಿತ್ತು, ನಾನು ಓದಿರಲಿಲ್ಲ. ನನಗೆ ಅದು "ತೈಲ ತೈಲ ಜೊತೆಗೆ ಹೋಗುತ್ತವೆ" ಅನ್ನುವ ಸಡಿಲ ಮಾತಾಗಿತ್ತು. ಕಾಗದದಲ್ಲಿ ಅದು ಕಬ್ಬಿಣದ ಸರಪಳಿ. ಆ ಸರಪಳಿಯ ಇನ್ನೊಂದು ತುದಿ ನಾನು ಮಲಗಿದ್ದಾಗ ಬಾವಿಗೆ ಬಿತ್ತು.

ಈಗಲೂ ವ್ಯಾಪಾರ ಮಾಡುತ್ತೇನೆ. ಆದರೆ ಕರಾರಿನ ಕೊನೇ ವಾರದಲ್ಲಿ ತೈಲ ಮುಟ್ಟುವುದಿಲ್ಲ.

ಅಡಿಕೆ_ಸುಲಿ · 12:44

ಇದಕ್ಕೇ ನಾನು ಹೇಳುವುದು, ಅಡಿಕೆ ಬೆಳೆಯಿರಿ ಅಂತ. ನಮಗೆ ಲಂಡನ್ನೂ ಇಲ್ಲ, ನ್ಯೂಯಾರ್ಕೂ ಇಲ್ಲ. ಸಾಗರ, ಶಿರಸಿ, ಶಿವಮೊಗ್ಗ, ಮುಗೀತು.

ತೂಕದಕಲ್ಲು · 12:51

ನಿಮಗೂ ದೆಹಲಿ ಇದೆ ಸ್ವಾಮಿ. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಗೆ ಕನಿಷ್ಠ ದರ ಕೆಜಿಗೆ 251ರಿಂದ 351 ರೂಪಾಯಿ ಮಾಡಿದಾಗ ಪಟಾಕಿ ಹೊಡೆದದ್ದು ಯಾರು?

ಅಡಿಕೆ_ಸುಲಿ · 12:53

😄 ಸರಿ ಬಿಡಿ.

ಕಾಫಿ_ಕಣ · 1:40

ಅಡಿಕೆಯವರು ಪುಣ್ಯವಂತರು. ನಾವು ಸಕಲೇಶಪುರದ ಕಡೆ, ಹದಿನೆಂಟು ಎಕರೆ ಕಾಫಿ. ಅಪ್ಪನ ಕಾಲದಲ್ಲಿ ಬೆಳೆ ಕಾಫಿ ಬೋರ್ಡ್‌ಗೆ ಹಾಕಿ ಸುಮ್ನೆ ಕೂತರೆ ಆಗಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ, ಎಲ್ಲರ ಬೆಳೆಯನ್ನೂ ಒಟ್ಟು ಮಾಡಿ ಮಾರುವ ಆ ಪೂಲ್ ವ್ಯವಸ್ಥೆ ಹೋಯಿತು. ಈಗ ಪ್ರತಿ ತೋಟದವನ ಮೊಬೈಲ್‌ನಲ್ಲೂ ಲಂಡನ್ ಟರ್ಮಿನಲ್, ಅಂದರೆ ಅಲ್ಲಿಯ ವಾಯಿದೆ ಪೇಟೆಯ ದರ, ಇರುತ್ತದೆ. ರೋಬಸ್ಟಾಕ್ಕೆ ಲಂಡನ್, ಟನ್ನಿಗೆ ಇಷ್ಟು ಡಾಲರ್. ಅರೇಬಿಕಾಕ್ಕೆ ನ್ಯೂಯಾರ್ಕ್, ಪೌಂಡಿಗೆ ಇಷ್ಟು ಸೆಂಟ್.

ಇದರಿಂದ ಉಪಯೋಗ ಇದೆಯಾ ಅಂದರೆ, ಇದೆ. ಆದರೆ ನೀವು ಕೇಳುತ್ತಿರುವ ರೀತಿಯ ಉಪಯೋಗ ಅಲ್ಲ. ಲೆಕ್ಕ ನೋಡಿ. ಲಂಡನ್ 100 ಡಾಲರ್ ಏರಿತು ಅನ್ನಿ. ಡಾಲರ್ 85 ರೂಪಾಯಿ ಅಂತ ಹಿಡಿಯಿರಿ. ಟನ್ನಿಗೆ 8,500, ಅಂದರೆ ಕೆಜಿ ಬೀಜಕ್ಕೆ ಎಂಟೂವರೆ ರೂಪಾಯಿ. ನಾವು ಮಾರುವುದು ಒಣಗಿದ ಚೆರಿ, 50 ಕೆಜಿ ಚೀಲ. ಒಂದು ಚೀಲದಲ್ಲಿ 28 ಕೆಜಿ ಬೀಜ ಬಂದರೆ 28 ಓಟಿ ಅನ್ನುತ್ತೇವೆ. 28ನ್ನು ಎಂಟೂವರೆಯಿಂದ ಗುಣಿಸಿ, ಚೀಲಕ್ಕೆ 238 ರೂಪಾಯಿ. ನನ್ನ ಹತ್ತಿರ 250 ಚೀಲ ಇದ್ದರೆ 59,500. ಒಂದೇ ಮಧ್ಯಾಹ್ನಕ್ಕೆ.

ಈಗ ಪೇಟೆಯಲ್ಲಿ ಕೊಳ್ಳುವವರಿಗೆ ಫೋನ್ ಮಾಡುತ್ತೇನೆ. ಲಂಡನ್ ಇಳಿದ ದಿನ ಇಳಿದ ದರ ಆ ಕ್ಷಣಕ್ಕೇ ಗೊತ್ತಿರುತ್ತದೆ. ಏರಿದ ದಿನ ಮಾತ್ರ "ಇನ್ನೂ ನೋಡಿಲ್ಲ ಸಾರ್, ನಾಳೆ ಹೇಳುತ್ತೇನೆ" ಅನ್ನುವ ಉತ್ತರ. ನನ್ನ ಕೈಯಲ್ಲಿ ಈ ಲೆಕ್ಕ ಇದ್ದರೆ ನಾನೂ "ಹಾಗಾದರೆ ಚೀಲವೂ ನಾಳೆಯೇ ಬರುತ್ತದೆ" ಅನ್ನಬಹುದು. ಲಂಡನ್ ನನಗೆ ಇನ್ನೊಂದು ತಕ್ಕಡಿ, ಅಷ್ಟೇ. ಅಂಗಡಿಯ ತಕ್ಕಡಿ ಸರಿ ಇದೆಯಾ ಅಂತ ನೋಡಲಿಕ್ಕೆ.

ತಕ್ಕಡಿಯಾಗಿ ಬಳಸಿದಾಗ ಒಂದು ಸಲವೂ ನಷ್ಟ ಆಗಿಲ್ಲ. ಜ್ಯೋತಿಷ್ಯವಾಗಿ ಬಳಸಿದಾಗ ಏನಾಯಿತು, ಅದನ್ನೂ ಹೇಳುತ್ತೇನೆ.

ಕಾಫಿಯವರಲ್ಲಿ ಒಂದು ಹಳೇ ಮಾತಿದೆ. ಬ್ರೆಜಿಲ್‌ನ ದುಡ್ಡು ರಿಯಾಲ್ ಬಿದ್ದರೆ ಕಾಫಿ ದರವೂ ಬೀಳುತ್ತದೆ ಅಂತ. ಕಾರಣವೂ ಸರಿಯಾಗಿಯೇ ಇದೆ. ಅಲ್ಲಿಯ ರೈತನಿಗೆ ಡಾಲರ್ ದರ ಅಷ್ಟೇ ಇದ್ದರೂ ಕೈಗೆ ಜಾಸ್ತಿ ರಿಯಾಲ್ ಸಿಗುತ್ತದೆ. ಹಾಗಾಗಿ ಅವನು ಮಾರಲಿಕ್ಕೆ ಮುಂದಾಗುತ್ತಾನೆ. ಮಾಲು ಬಂತು, ದರ ಇಳಿಯಿತು. 2024ರ ನವೆಂಬರ್ ಕೊನೆಯಲ್ಲಿ ಡಾಲರ್‌ಗೆ 6 ರಿಯಾಲ್ ದಾಟಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಾಬರಿ. "ಈಗಲೇ ಕೊಟ್ಟುಬಿಡಿ, ಇನ್ನು ಬೀಳುತ್ತದೆ." ನಾನು ಕುಯ್ದ ಅರೇಬಿಕಾದ ಮುಕ್ಕಾಲು ಪಾಲು ಡಿಸೆಂಬರ್ ಮೊದಲ ವಾರ ಕೊಟ್ಟೆ.

ಡಿಸೆಂಬರ್ 10ಕ್ಕೆ ನ್ಯೂಯಾರ್ಕ್ ಅರೇಬಿಕಾ 1977ರ ದಾಖಲೆ ಮುರಿಯಿತು. ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ರಿಯಾಲ್ ಬಿದ್ದದ್ದು ನಿಜ. ಆದರೆ ಆ ವರ್ಷ ಬ್ರೆಜಿಲ್‌ನಲ್ಲಿ ಬರ, ಮುಂದಿನ ಬೆಳೆಯ ಬಗ್ಗೆಯೇ ಹೆದರಿಕೆ. ಇದ್ದ ಮಾಲನ್ನೂ ರೈತರು ಬಹುಪಾಲು ಮಾರಿ ಮುಗಿಸಿದ್ದರು. ಮಾರುವ ಆಸೆ ಇದ್ದರೇನು, ಗೋದಾಮಿನಲ್ಲಿ ಚೀಲ ಬೇಕಲ್ಲ.

ನನ್ನ ಹೆಂಡತಿ ಇವತ್ತಿಗೂ ಚಿಕ್ಕಮಕ್ಕಳು ಏನಾದರೂ ಬೀಳಿಸಿದರೆ "ರಿಯಾಲ್ ಬಿತ್ತು" ಅನ್ನುತ್ತಾಳೆ.

ಸಿಲ್ಕ್‌ಬೋರ್ಡ್_ಸಿಗ್ನಲ್ · 2:05

ಸಾರ್, ನಿಮ್ಮ ರಿಯಾಲ್ ಮತ್ತು ನನ್ನ ರೂಪಾಯಿ ಅಣ್ಣತಮ್ಮಂದಿರು. ಕಾರಣ ಸರಿ, ಸೂತ್ರ ಸರಿ, ಫಲ ಮಾತ್ರ ಉಲ್ಟಾ.

ಲೆಕ್ಕದ_ಮೇಷ್ಟ್ರು · 2:30

ನಿಮ್ಮ 2022ರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನೇ ಪ್ರಯತ್ನಿಸುತ್ತೇನೆ.

ರೂಪಾಯಿ ಶೇ 1 ಬಿದ್ದರೆ ಐಟಿ ಕಂಪನಿಗಳ ಲಾಭದ ಪ್ರಮಾಣ ಸುಮಾರು ಕಾಲು ಪರ್ಸೆಂಟ್ ಸುಧಾರಿಸುತ್ತದೆ ಅಂತ ವಿಶ್ಲೇಷಕರು ಹೇಳುವುದುಂಟು. ಕಂಪನಿಗಳು ಡಾಲರನ್ನು ಮುಂಚೆಯೇ ಮಾರಿ ರಕ್ಷಣೆ ಮಾಡಿಕೊಂಡಿರುತ್ತವೆ, ಹಾಗಾಗಿ ಅದೂ ನಿಧಾನವಾಗಿ ಬರುತ್ತದೆ. ಸರಿ, ಲಾಭ ಇದೆ. ಆದರೆ ನೀವು ಕೇಳಬೇಕಿದ್ದ ಪ್ರಶ್ನೆ, ರೂಪಾಯಿ ಯಾಕೆ ಬಿತ್ತು ಅನ್ನುವುದು. ಆ ವರ್ಷ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇ 4.25–4.50ಕ್ಕೆ ಒಯ್ದಿತು. ಡಾಲರ್ ಜಗತ್ತಿನಾದ್ಯಂತ ಏರಿತು, ರೂಪಾಯಿ ಬಿತ್ತು. ಅದೇ ಬಡ್ಡಿಯಿಂದಲೇ ನಾಸ್ಡಾಕ್ ಸುಮಾರು ಶೇ 33 ಕುಸಿಯಿತು, ಅಮೆರಿಕದ ಕಂಪನಿಗಳು ಖರ್ಚು ಬಿಗಿ ಮಾಡುವ ಮಾತಾಡಿದವು. ಆ ಖರ್ಚೇ ಅಲ್ವಾ ನಮ್ಮ ಐಟಿಯ ಆದಾಯ? ಒಂದೇ ಕೈ ಎರಡು ಹಗ್ಗವನ್ನೂ ಎಳೆಯಿತು. ನೀವು ಚಿಕ್ಕ ಹಗ್ಗ ನೋಡಿ ದೊಡ್ಡದನ್ನು ಬಿಟ್ಟಿರಿ.

ರೂಪಾಯಿ ನಮ್ಮ ಮನೆಯದೇ ಕಾರಣಕ್ಕೆ ಬಿದ್ದು, ಅಮೆರಿಕದ ಗ್ರಾಹಕ ಆರಾಮಾಗಿದ್ದರೆ ನಿಮ್ಮ ಸೂತ್ರ ನಡೆದೀತು. ಅದೇ ಕುಸಿತ, ಬೇರೆ ಕಾರಣ, ಬೇರೆ ಫಲ.

ಪೇಂಟ್ ಕಥೆಯೂ ಹೀಗೇ. ಪೇಂಟಿನ ಕಚ್ಚಾ ಮಾಲು ಬಹಳಷ್ಟು ತೈಲದಿಂದ ಬರುತ್ತದೆ, ಹಾಗಾಗಿ ತೈಲ ಅಗ್ಗವಾದರೆ ಪೇಂಟ್‌ಗೆ ಲಾಭ ಅನ್ನುವುದು ಸೂತ್ರ. 2024ರಲ್ಲಿ ತೈಲ ತಂಪಾಗಿಯೇ ಇತ್ತು. ಆದರೂ ಏಷ್ಯನ್ ಪೇಂಟ್ಸ್ ಷೇರು ಬಿತ್ತು. ಬಿರ್ಲಾ ಓಪಸ್ ಅಂತ ಹೊಸ ಪೈಪೋಟಿ ಬಂದಿತ್ತು, ಬೇಡಿಕೆಯೂ ಮಂದ ಇತ್ತು. ತೈಲದ ಗ್ರಾಫ್‌ನಲ್ಲಿ ಅದೆಲ್ಲಿ ಕಾಣಬೇಕು?

ಒಂಬತ್ತು_ಹದಿನೈದು · 3:10

ಎಲ್ಲರೂ ಸೇರಿ ನಂಟೇ ಬೇಡ ಅಂತ ತೀರ್ಪು ಕೊಡುತ್ತಿದ್ದೀರಿ. ಹಾಗಾದರೆ ದೊಡ್ಡ ದೊಡ್ಡ ಫಂಡ್‌ಗಳು ಪಿಎಚ್‌ಡಿ ಮಾಡಿದವರನ್ನು ಕೂರಿಸಿಕೊಂಡು ಇದನ್ನೇ ಯಾಕೆ ಮಾಡುತ್ತಾರೆ? ಅವರೇನು ದಡ್ಡರಾ?

ಸಿಂಗಾಪುರ_ಸಂಜೆ · 4:25

ಅವರು ದಡ್ಡರಲ್ಲ. ಅವರು ಮಾಡುವುದು ಎರಡು ಕೆಲಸ. ಒಂದು, ಒಂದೇ ವಸ್ತು ಎರಡು ಕಡೆ ಎರಡು ದರಕ್ಕೆ ಸಿಕ್ಕಾಗ ಕಣ್ಣು ಮಿಟುಕಿಸುವುದರೊಳಗೆ ಇಲ್ಲಿ ಕೊಂಡು ಅಲ್ಲಿ ಮಾರುವುದು. ಮೊಬೈಲ್ ಆ್ಯಪ್ ಹಿಡಿದ ನಮಗೆ ಅದು ಸಿಗುವುದಿಲ್ಲ. ಎರಡನೆಯದು ನನ್ನ ಹೊಟ್ಟೆಪಾಡು. ನಾನು ಇಲ್ಲಿ ಸಿಂಗಾಪುರದ ಬ್ಯಾಂಕೊಂದರಲ್ಲಿ ರಿಸ್ಕ್ ವಿಭಾಗದಲ್ಲಿದ್ದೇನೆ. ನಮಗೆ ಈ ನಂಟುಗಳು ದಿನಾ ಬೇಕು. ನಾಳೆ ಏನು ಏರುತ್ತದೆ ಅಂತ ಹೇಳಲಿಕ್ಕೆ ನಮ್ಮನ್ನು ಯಾರೂ ಕೇಳುವುದಿಲ್ಲ. "ಇದು ಬಿದ್ದರೆ ಜೊತೆಗೆ ಇನ್ನೇನೇನು ಬೀಳುತ್ತದೆ" ಅಂತ ಕೇಳುತ್ತಾರೆ.

2024ರ ಆಗಸ್ಟ್ 5, ಸೋಮವಾರ. ಇಲ್ಲಿ ಬೆಳಗ್ಗೆ 8, ಟೋಕಿಯೋ ತೆರೆಯಿತು. ಹಿಂದಿನ ಬುಧವಾರ ಜಪಾನ್ ಬ್ಯಾಂಕ್ ಬಡ್ಡಿಯನ್ನು ಶೇ 0.25ಕ್ಕೆ ಏರಿಸಿತ್ತು. ಕೇಳಿದರೆ ನಗು ಬರುವಷ್ಟು ಚಿಕ್ಕ ಬಡ್ಡಿ. ಶುಕ್ರವಾರ ಅಮೆರಿಕದ ಉದ್ಯೋಗದ ಅಂಕಿಅಂಶ ಸಪ್ಪೆಯಾಗಿ ಬಂತು. ಯೆನ್ ಏರತೊಡಗಿತು. ವರ್ಷಗಟ್ಟಲೆ ಜಪಾನ್‌ನಲ್ಲಿ ಅಗ್ಗಕ್ಕೆ ಸಾಲ ತೆಗೆದು ಜಗತ್ತಿನ ಮೂಲೆಮೂಲೆಯಲ್ಲಿ ಹೂಡಿದ್ದವರೆಲ್ಲ ಒಟ್ಟಿಗೆ ಮಾರಿ ಯೆನ್ ವಾಪಸ್ ಕೊಳ್ಳಲಿಕ್ಕೆ ಓಡಿದರು. ಜಪಾನ್‌ನ ಷೇರು ಸೂಚ್ಯಂಕ ನಿಕ್ಕೇ ಆ ಒಂದು ದಿನ ಶೇ 12.4 ಬಿತ್ತು. 1987ರ ಅಕ್ಟೋಬರ್ ಆದ ಮೇಲೆ ಅಂಥ ದಿನ ಬಂದಿರಲಿಲ್ಲ. ನಿಫ್ಟಿ 662 ಅಂಕ ಕಳಕೊಂಡಿತು.

ನಮ್ಮೂರಿನ ಗೆಳೆಯರೊಬ್ಬರು ಅವತ್ತು ಫೋನ್ ಮಾಡಿದರು. ದಾವಣಗೆರೆಯಲ್ಲಿ ಕೂತು ಟೋಕಿಯೋ ಹೆಸರೇ ಎತ್ತದವರು. "ನಾನು ಹಂಚಿ ಹಾಕಿದ್ದೀನಿ ಮಾರಾಯ, ಐದು ಬೇರೆ ಬೇರೆ ಸೆಕ್ಟರ್. ಐದೂ ಕೆಂಪಗೆ ಕೂತಿವೆ" ಅಂದರು. ಹೆಸರು ಬೇರೆ ಬೇರೆ, ಐದಕ್ಕೂ ನೀರು ಬರುವ ತೂಬು ಒಂದೇ. ಮರುದಿನ ನಿಕ್ಕೇ ಶೇ 10ಕ್ಕಿಂತ ಹೆಚ್ಚು ಪುಟಿದೆದ್ದಿತು. ಅಷ್ಟರಲ್ಲಿ ಅವರು ಐದನ್ನೂ ಮಾರಿ ಕೂತಿದ್ದರು.

ಇನ್ನೊಂದು ಹೇಳಲೇಬೇಕು. ಷೇರು ಬಿದ್ದಾಗ ಚಿನ್ನ ಕಾಪಾಡುತ್ತದೆ ಅನ್ನುತ್ತೇವಲ್ಲ. 2020ರ ಮಾರ್ಚ್ ನೆನಪಿಸಿಕೊಳ್ಳಿ. ಆ ತಿಂಗಳ ಎರಡನೇ ವಾರ ಔನ್ಸ್‌ಗೆ 1,680 ಡಾಲರ್ ಹತ್ತಿರ ಇದ್ದ ಚಿನ್ನ ಹತ್ತೇ ದಿನದಲ್ಲಿ 1,470ರ ಆಸುಪಾಸಿಗೆ ಇಳಿಯಿತು. ಷೇರಿನಲ್ಲಿ ಮಾರ್ಜಿನ್, ಅಂದರೆ ನಷ್ಟಕ್ಕೆ ಈಡಾಗಿ ಇನ್ನಷ್ಟು ದುಡ್ಡು, ಕಟ್ಟಬೇಕಾದವರು ಮಾರಲಿಕ್ಕೆ ಬರುವ ವಸ್ತುವನ್ನೇ ಮೊದಲು ಮಾರಿದರು, ಅದು ಚಿನ್ನ. ಮನೆಯಲ್ಲಿ ಕಷ್ಟ ಬಂದಾಗ ನಾವು ಮೊದಲು ಒಯ್ಯುವುದೂ ಬಳೆಯನ್ನೇ ಅಲ್ವಾ? ಆಮೇಲೆ ಚಿನ್ನ ಏರಿತು, ಅದು ಬೇರೆ ಮಾತು. ಆ ಹತ್ತು ದಿನ ದಾಟುವಷ್ಟು ದುಡ್ಡು ನಿಮ್ಮ ಹತ್ತಿರ ಇರಬೇಕಿತ್ತು.

ತೂಕದಕಲ್ಲು · 4:40

ಆ ವಾರ ನಮ್ಮ ಅಂಗಡಿಗೂ ಬಳೆ ಬಂದವು. ಹೌದು. ಇನ್ನೊಂದು ಸೇರಿಸುತ್ತೇನೆ. ಅಮೆರಿಕದಲ್ಲಿ ಬಡ್ಡಿ ಏರಿದರೆ ಬಂಗಾರ ಬೀಳುತ್ತದೆ ಅಂತ ಎಷ್ಟೋ ವರ್ಷ ಸರಿಯಾಗಿಯೇ ನಡೆಯಿತು. 2022ರಿಂದ ಈಚೆಗೆ ನೋಡಿ, ಬಡ್ಡಿ ಮೇಲೆಯೇ ಇತ್ತು, ಬಂಗಾರವೂ ಮೇಲೆ ಹೋಯಿತು. 2022, 2023, 2024, ಮೂರೂ ವರ್ಷ ಬೇರೆ ಬೇರೆ ದೇಶದ ಕೇಂದ್ರ ಬ್ಯಾಂಕ್‌ಗಳು ಸೇರಿ ವರ್ಷಕ್ಕೆ 1,000 ಟನ್‌ಗಿಂತ ಹೆಚ್ಚು ಕೊಂಡವು. ಅವರು ಬಡ್ಡಿ ನೋಡಿ ಕೊಳ್ಳುವ ಗಿರಾಕಿಗಳಲ್ಲ. ಹೊಸ ಗಿರಾಕಿ ಬಂದ, ಹಳೇ ಲೆಕ್ಕ ಹೋಯಿತು.

ಹೊಸಬಳು_22 · 5:02

ರೂಪಾಯಿ-ಡಾಲರನ್ನೇ ನೇರವಾಗಿ ಟ್ರೇಡ್ ಮಾಡಿದರೆ ಈ ತಲೆನೋವು ಇರುವುದಿಲ್ಲ ಅಲ್ವಾ ಸರ್?

ಬ್ಯಾರಲ್_ಬಿದ್ದವ · 5:09

ಸುಮ್ನೆ ಊಹೆಗೆ ಮಾಡಲಿಕ್ಕೆ ಈಗ ಬರುವುದಿಲ್ಲ ತಂಗಿ. ರಿಸರ್ವ್ ಬ್ಯಾಂಕ್ ನಿಯಮ 2024ರ ಮೇ 3ರಿಂದ ಬಿಗಿಯಾಗಿದೆ. ರಫ್ತು, ಆಮದು, ಸಾಲ, ಹೀಗೆ ನಿಜವಾದ ಡಾಲರ್ ವ್ಯವಹಾರ ಇದ್ದವರು ರಕ್ಷಣೆಗಾಗಿ ಮಾತ್ರ ಮಾಡಬಹುದು.

ಜಗಲಿ_ಕಾವಲು · 5:30

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಎರಡರಲ್ಲೂ "ಪಕ್ಕಾ ಇಂಟರ್‌ಮಾರ್ಕೆಟ್ ಕಾಲ್ಸ್" ಅನ್ನುವ ಟೆಲಿಗ್ರಾಂ ಲಿಂಕ್ ಇತ್ತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ದುಡ್ಡು ಕಳಕೊಂಡಿದ್ದಾರೆ. ಪಕ್ಕಾ ಕಾಲ್ ಇದ್ದವರು ಅದನ್ನು ನಮಗೆ ಯಾಕೆ ಕೊಡುತ್ತಾರೆ, ಯೋಚನೆ ಮಾಡಿ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಒಂಬತ್ತು_ಹದಿನೈದು · ರಾತ್ರಿ 9:20

ಮೇಷ್ಟ್ರು ಹೇಳಿದ ಎಕ್ಸೆಲ್ ಸಂಜೆ ಕೂತು ಮಾಡಿದೆ. ಏನೂ ಹೇಳುವುದಿಲ್ಲ.

ಆದರೂ ಗಿಫ್ಟ್ ನಿಫ್ಟಿ ನೋಡುವುದನ್ನು ಬಿಡಲ್ಲ. ದೊಡ್ಡ ಅಂತರದಲ್ಲಿ ತೆರೆಯುತ್ತದೆ ಅಂತ ಕಂಡ ದಿನ ಮೊದಲ ಹದಿನೈದು ನಿಮಿಷ ಕೈ ಕಟ್ಟಿ ಕೂರುತ್ತೇನೆ, ಲಾಟ್ ಅರ್ಧ ಮಾಡುತ್ತೇನೆ. ನನ್ನ ಡೈರಿ ತಿರುವಿ ನೋಡಿದರೆ, ಅದರಿಂದ ಉಳಿದ ದುಡ್ಡೇ ಅದನ್ನು ನೋಡಿ ಗಳಿಸಿದ್ದಕ್ಕಿಂತ ಜಾಸ್ತಿ ಇದೆ. ಇದು ನನಗೇ ಇವತ್ತು ಗೊತ್ತಾಯಿತು.

ಸಿಲ್ಕ್‌ಬೋರ್ಡ್_ಸಿಗ್ನಲ್ · ಸೋಮವಾರ, ಮಧ್ಯಾಹ್ನ 1:55

ರಾತ್ರಿ ಸಿಂಗಾಪುರದವರ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. "ಇದು ಬಿದ್ದರೆ ಜೊತೆಗೆ ಇನ್ನೇನೇನು ಬೀಳುತ್ತದೆ." ಮಗಳ ರಫ್ ನೋಟ್ ತಗೊಂಡು ಬರೆಯುತ್ತಾ ಹೋದೆ.

ನನ್ನ ಸಂಬಳ, ಅಮೆರಿಕದ ಬ್ಯಾಂಕ್ ಗ್ರಾಹಕನ ಪ್ರಾಜೆಕ್ಟ್‌ನಿಂದ. ಹೆಂಡತಿಯ ಸಂಬಳ, ಅವಳೂ ಐಟಿ, ಗ್ರಾಹಕ ಅಮೆರಿಕದ ರಿಟೇಲ್ ಕಂಪನಿ. ಕಂಪನಿ ಕೊಟ್ಟ ಷೇರು. 2022ರಲ್ಲಿ ಕೊಂಡು ಇನ್ನೂ ಇಟ್ಟುಕೊಂಡಿರುವ ಐಟಿ ಷೇರು. ಸರ್ಜಾಪುರ ರಸ್ತೆಯ ಫ್ಲಾಟ್, ಬಾಡಿಗೆಗೆ ಇರುವವರು ಇಬ್ಬರು ಹುಡುಗರು, ಇಬ್ಬರೂ ಐಟಿ. ಆ ಫ್ಲಾಟ್‌ನ ಕಂತು ಕಟ್ಟುವುದು ಮೊದಲಿನ ಎರಡು ಸಂಬಳದಿಂದ. ಬರೆದು ಮುಗಿಸಿ ಪುಟ ನೋಡಿದರೆ ಎಡಗಡೆ ಆರು ಸಾಲು, ಎಲ್ಲಾ ಬಾಣಗಳೂ ಬಲಗಡೆ ಒಂದೇ ಕಡೆ ಹೋಗಿ ಕೂತಿವೆ. ಅಮೆರಿಕದ ಗ್ರಾಹಕ.

ಮಗಳು ಬಂದು ನೋಡಿ "ಅಪ್ಪ, ಆಕ್ಟೋಪಸ್ ಬರೆದಿದ್ದೀಯಾ?" ಅಂದಳು.

ಇಷ್ಟು ದಿನ ರೂಪಾಯಿಗೂ ಐಟಿಗೂ ಏನು ನಂಟು ಅಂತ ಹುಡುಕುತ್ತಿದ್ದೆ. ನನಗೂ ಐಟಿಗೂ ಇರುವ ನಂಟನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೆಳಗ್ಗೆ ಐಟಿ ಷೇರಿನಲ್ಲಿ ಅರ್ಧ ಮಾರಿದೆ. ಏರುತ್ತೋ ಬೀಳುತ್ತೋ ಗೊತ್ತಿಲ್ಲ, ಅದನ್ನು ನೋಡಿ ಮಾರಿದ್ದಲ್ಲ.

ಒಂಬತ್ತು_ಹದಿನೈದು · 2:08

ಮಾರಿದ ದುಡ್ಡು ಯಾವುದಕ್ಕೆ ಹಾಕುತ್ತೀರಿ ಗುರು?

ಸಿಲ್ಕ್‌ಬೋರ್ಡ್_ಸಿಗ್ನಲ್ · 2:10

ಎಫ್‌ಡಿ.

ಒಂಬತ್ತು_ಹದಿನೈದು · 2:11

ಇಷ್ಟುದ್ದ ಚರ್ಚೆ ಮಾಡಿ ಎಫ್‌ಡಿ!

ಕಾಫಿ_ಕಣ · 2:26

ಒಳ್ಳೆಯದೇ ಮಾಡಿದಿರಿ ಬಿಡಿ. ಇಲ್ಲಿ ಕಣದ ತುಂಬ ರೋಬಸ್ಟಾ ಹರಡಿದೆ, ಮೂಡಿಗೆರೆ ಕಡೆಯಿಂದ ಮೋಡ ಬರುತ್ತಿದೆ, ಈ ಹೊತ್ತಿನಲ್ಲಿ ಮಳೆ ಯಾರು ಕರೆದರೋ. ಲಂಡನ್ ತೆರೆಯಲಿಕ್ಕೆ ಇನ್ನು ನಾಲ್ಕು ನಿಮಿಷ. ಮೊದಲು ಟಾರ್ಪಾಲು ಮುಚ್ಚಿ ಬರುತ್ತೇನೆ.